ಹನ್ನೊಂದು ಸೆಕೆಂಡಿನಲ್ಲಿ ವಾಪಸ್ಸು ತೆಗೆದ ಮೆಸೇಜು

ನಾನು ನೀರು ಸರಬರಾಜು ಕಚೇರಿಯ ತಪಾಸಣಾ ವಿಭಾಗದಲ್ಲಿ ಲಕೋಟೆಗಳಿಗೆ ಅರಗು ಹಾಕುವ ಗುಮಾಸ್ತ. ನೀರುಗಳ್ಳರನ್ನು ಹಿಡಿಯಲು ಯಾವ ಬೀದಿಗೆ ಯಾವ ದಿನ ದಿಢೀರ್ ತಪಾಸಣೆ ಎಂಬ ಆದೇಶವನ್ನು ವಿಭಾಗದ ಅಧಿಕಾರಿ ಮೇಡಂ ತಮ್ಮ ಕೈಯಾರೆ ಬರೆದು, ಮಡಿಸಿ, ಲಕೋಟೆಯೊಳಗಿಟ್ಟು ಅಂಟಿಸಿ ನನ್ನ ಮೇಜಿಗೆ ಕಳಿಸುತ್ತಾರೆ. ನಾನು ಅರಗು ಕರಗಿಸಿ, ಎರಡು ತೊಟ್ಟು ಬಿಟ್ಟು, ಹಿತ್ತಾಳೆಯ ಮೊಹರು ಒತ್ತಿ, ಮೂರು ಎಣಿಸಿ ತೆಗೆಯುತ್ತೇನೆ. ಇಪ್ಪತ್ತಾರು ವರ್ಷದಲ್ಲಿ ಒಳಗಿನ ಕಾಗದದ ಒಂದಕ್ಷರ ನನ್ನ ಕಣ್ಣಿಗೆ ಬಿದ್ದಿಲ್ಲ. ಕಚೇರಿಯಲ್ಲಿ ನನ್ನನ್ನು ಸೀಲಪ್ಪ ಎನ್ನುತ್ತಾರೆ.

ಆದರೆ ನಾನಿರುವ ಹನ್ನೆರಡು ಮನೆಗಳ ಕಟ್ಟಡದಲ್ಲಿ ಈ ವಿಷಯ ಯಾರಿಗೂ ಗೊತ್ತಿಲ್ಲ. ಅಲ್ಲಿ ನಾನು ಸಾಹೇಬ್ರು. ಮೆಟ್ಟಿಲಲ್ಲಿ ಎದುರಾದವರೆಲ್ಲ, "ಏನ್ ಸಾಹೇಬ್ರೇ, ಈ ವಾರ ಯಾವ ಕಡೆ ತಪಾಸಣೆ?" ಎಂದು ಕೇಳುತ್ತಾರೆ. ನಾನು, "ನಾನೇನೂ ಹೇಳೋ ಹಾಗಿಲ್ಲ" ಎನ್ನುತ್ತೇನೆ. ಇದು ಅಪ್ಪಟ ಸತ್ಯ, ಏಕೆಂದರೆ ನನಗೇನೂ ಗೊತ್ತಿರುವುದಿಲ್ಲ. ಕೊನೆಯಲ್ಲಿ ಒಂದು ಸಣ್ಣ ನಗೆ ನಗುತ್ತೇನಲ್ಲ, ಅಷ್ಟು ಮಾತ್ರ ನನ್ನ ಸ್ವಂತದ್ದು. ಆ ನಗೆಯ ಬಲದಿಂದಲೇ ನಮ್ಮ ನೆಲಮಹಡಿಯಲ್ಲೇ ಮನೆಯೂ ಅಂಗಡಿಯೂ ಇರುವ ಬೇಕರಿಯವನು ನನಗೆ ದಿನವೂ ಬಿಸಿ ಬ್ರೆಡ್ಡನ್ನೇ ಕೊಡುತ್ತಿದ್ದ.

ನನ್ನ ಇನ್ನೊಂದು ಗುಟ್ಟು ತಲೆಗೂದಲಿಗೆ ಸೇರಿದ್ದು. ನನಗೆ ಐವತ್ತೆಂಟು. ನಿವೃತ್ತಿಗೆ ಇನ್ನೆರಡೇ ವರ್ಷ. ನನ್ನ ಕೂದಲು ಮಾತ್ರ ಕಾಡಿಗೆಯಷ್ಟು ಕಪ್ಪು. "ಹೇಗೆ ಸಾರ್?" ಎಂದರೆ, "ನಮ್ಮ ವಂಶದಲ್ಲೇ ಹಾಗೆ" ಎನ್ನುತ್ತೇನೆ. ನಮ್ಮೊಡನಿರುವ ನಮ್ಮತ್ತೆ ಇದನ್ನು ಊರೆಲ್ಲ ಡಂಗುರ ಸಾರುತ್ತಾರೆ. ಸತ್ಯ ಗೊತ್ತಿರುವುದು ನನ್ನ ಹೆಂಡತಿಗೆ ಮತ್ತು ಬಚ್ಚಲುಮನೆಯ ಬಕೆಟ್ಟಿಗೆ.

ಬಚ್ಚಲುಮನೆ ಎಂದಾಗ ನೆನಪಾಯಿತು. ನಮ್ಮ ಕಟ್ಟಡದಲ್ಲಿ ಹನ್ನೆರಡೂ ಬಚ್ಚಲುಮನೆಗಳ ಗವಾಕ್ಷಿಗಳು ಒಂದೇ ಕಿರಿದಾದ ಗಾಳಿಗುಂಡಿಗೆ ತೆರೆದುಕೊಳ್ಳುತ್ತವೆ. ನೆಲಮಹಡಿಯಲ್ಲಿ ಯಾರಾದರೂ ಆಕಳಿಸಿದರೆ ಮೂರನೇ ಮಹಡಿಯವರಿಗೆ ನಿದ್ದೆ ಬರುತ್ತದೆ. ಹಾಗಾಗಿ ಬಣ್ಣ ಹಚ್ಚುವ ದಿನ ನಾನೂ ನನ್ನ ಹೆಂಡತಿಯೂ ಬಾಯಿ ಬಿಡುವಂತಿಲ್ಲ. ಒಳಗಿಂದ ನಾನು ಮೆಸೇಜು ಹಾಕುತ್ತೇನೆ, ಹೊರಗಿಂದ ಅವಳು ಬೇಕಾದ್ದನ್ನು ಬಾಗಿಲ ಸಂದಿಯಲ್ಲಿ ಕೊಡುತ್ತಾಳೆ.

ಈ ಸಲ ಭಾನುವಾರ ನೆಂಟರು ಬಂದು ಕೂತದ್ದರಿಂದ ಕಾರ್ಯಕ್ರಮ ಮಂಗಳವಾರ ಬೆಳಗ್ಗೆಗೆ ಬಿತ್ತು. ಆರೂವರೆಗೆ ಒಳಗೆ ಸೇರಿ, ಕನ್ನಡಕ ತೆಗೆದಿಟ್ಟು, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ತಲೆಯ ಬಲಭಾಗಕ್ಕೆ ಹಚ್ಚಿ ಮುಗಿಸುವಷ್ಟರಲ್ಲಿ ಪ್ಯಾಕೆಟ್ಟು ಖಾಲಿ. ಆ ಚೀಲದ ಬೆರಳಿನಲ್ಲೇ ಹೆಂಡತಿಗೆ ಮೆಸೇಜು ಬರೆದೆ: "ಯಾರು ಬಂದ್ರೂ ಬಾಗಿಲು ತೆಗೀಬೇಡ. ಇನ್ನು ಅರ್ಧ ಗಂಟೆ ಅಷ್ಟೇ ಇರೋದು. ಬಲಗಡೆ ಬಣ್ಣ ಹಚ್ಚಿ ಆಯ್ತು, ಎಡಗಡೆಗೆ ಸಾಲಲಿಲ್ಲ. ಅಲ್ಮೇರಾದಲ್ಲಿ ಇನ್ನೊಂದು ಪ್ಯಾಕೆಟ್ ಇದೆ, ಕೊಡು."

ಕಳಿಸಿದೆ. ಕಳಿಸಿದ ಮೇಲೆ ಫೋನನ್ನು ಮೂಗಿನ ಹತ್ತಿರ ತಂದು ನೋಡಿದೆ. ಅದು ಹೆಂಡತಿಗೆ ಹೋಗಿರಲಿಲ್ಲ. ಕಟ್ಟಡದ ಹನ್ನೆರಡೂ ಮನೆಯವರಿರುವ ಗ್ರೂಪಿಗೆ ಹೋಗಿ ಕೂತಿತ್ತು.

ಮೆಸೇಜಿನ ಮೇಲೆ ಬೆರಳೊತ್ತಿ ಹಿಡಿದೆ. ನನಗೆ ಮಾತ್ರ ಅಳಿಸಬೇಕೋ ಎಲ್ಲರಿಗೂ ಅಳಿಸಬೇಕೋ ಎಂದು ಫೋನು ಸಾವಧಾನವಾಗಿ ಕೇಳಿತು. ಕನ್ನಡಕವಿಲ್ಲದೆ ಎರಡೂ ಸಾಲು ಒಂದೇ ಥರ ಕಾಣುತ್ತಿದ್ದವು. ತಡವರಿಸಿ ಕನ್ನಡಕ ಹಾಕಿಕೊಂಡರೆ ಗಾಜಿನ ತುಂಬ ಬಣ್ಣ. ಬಣ್ಣವಿಲ್ಲದ ಒಂದು ಮೂಲೆಯಿಂದ ಇಣುಕಿ, ಎಲ್ಲರಿಗೂ ಅಳಿಸು ಎಂಬುದನ್ನು ಒತ್ತಿದೆ. ಮೆಸೇಜು ಹೋಯಿತು. ಹನ್ನೊಂದು ಸೆಕೆಂಡು ಹಿಡಿದಿತ್ತು. ಬಕೆಟ್ಟಿನ ಅಂಚು ಹಿಡಿದು ಉಸಿರು ಬಿಟ್ಟೆ.

ಆಮೇಲೆ ನೋಡಿದರೆ ಆ ಜಾಗದಲ್ಲಿ ಒಂದು ಸಾಲು ಉಳಿದಿತ್ತು: "ಈ ಸಂದೇಶವನ್ನು ಅಳಿಸಲಾಗಿದೆ." ಮೇಲೆ ನನ್ನ ಹೆಸರು.

ಮೊದಲು ಕೇಳಿದವರು ಕಟ್ಟಡದ ಕಾರ್ಯದರ್ಶಿ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಇಡೀ ಕಟ್ಟಡ ಅವರನ್ನು ಟೀಚರ್ ಎನ್ನುತ್ತದೆ. "ಏನದು?" ಎಂದು ಬರೆದರು. ಮೂರನೇ ಮಹಡಿಯ ಆಡಿಟರ್, "ಏನು ಸಾರ್ ಅಳಿಸಿದ್ದು?" ಎಂದರು. ಇಲ್ಲಿ ನಾನು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಗಾಬರಿಯಲ್ಲಿ ಬರೆದೆ: "ಏನೂ ಇಲ್ಲ. ಯಾರೂ ಹೆದರಬೇಡಿ."

ಹೆದರಬೇಡಿ ಎಂದದ್ದೇ ತಡ, ಹನ್ನೆರಡು ಮನೆಯವರೂ ಹೆದರಿದರು. ಅಷ್ಟರಲ್ಲಿ ಟೀಚರ್ ಇನ್ನೊಂದು ಸಾಲು ಹಾಕಿದರು: "ನನ್ನ ಫೋನಿನ ಮೇಲ್ಗಡೆ ಮೊದಲ ಸಾಲು ಬಂದು ಹೋಯ್ತು. ನಾನು ನೋಡಿದೆ. ಯಾರು ಬಂದರೂ ಬಾಗಿಲು ತೆಗೆಯಬೇಡ, ಇನ್ನು ಅರ್ಧ ಗಂಟೆ ಅಷ್ಟೇ ಇರುವುದು, ಅಂತ ಇತ್ತು."

ಆಮೇಲೆ ಕಟ್ಟಡದ ತುಂಬ ಬಾಗಿಲುಗಳ ಚಿಲಕ ಬೀಳುವ ಸದ್ದು ಕೇಳಿಸಿತು.

ಹೆಂಡತಿಗೆ ಫೋನು ಮಾಡಿದೆ. ಅದು ಅಡುಗೆಮನೆಯಲ್ಲೇ ಬಡಿದುಕೊಂಡಿತು. ಅವಳು ಬಟ್ಟೆ ಒಣಹಾಕಲು ಟೆರೇಸಿಗೆ ಹೋಗಿದ್ದಳು. ಅಷ್ಟರಲ್ಲಿ ನಮ್ಮ ಮನೆಯ ಕರೆಗಂಟೆ ಹೊಡೆದುಕೊಂಡಿತು. ಯಾರು ಬಂದರೂ ಬಾಗಿಲು ತೆಗೆಯಬಾರದೆಂದು ಇಡೀ ಕಟ್ಟಡಕ್ಕೆ ತಿಳಿದಿದ್ದರೂ ನಮ್ಮತ್ತೆಗೆ ತಿಳಿದಿರಲಿಲ್ಲ, ಅವರ ಬಳಿ ಫೋನಿಲ್ಲ. ಅವರು ತೆಗೆದೇಬಿಟ್ಟರು.

"ಸಾಹೇಬ್ರು ಇದ್ದಾರಾ ಅಮ್ಮಾ?" ಬೇಕರಿಯವನ ದನಿ.

"ಅಳಿಯಂದ್ರು ಬಚ್ಚಲಲ್ಲಿ ಸೇರ್ಕೊಂಡು ಹೊರಗೇ ಬಂದಿಲ್ಲಪ್ಪ. ಒಳಗೆ ಒಬ್ಬರೇ ಏನೋ ಗೊಣಗ್ತಿದ್ದಾರೆ. ಏನು ಭಯವೋ ಏನೋ, ಪಾಪ."

ದಡಬಡ ಹೆಜ್ಜೆ ಸದ್ದು ಬಚ್ಚಲ ಬಾಗಿಲವರೆಗೂ ಬಂದು ನಿಂತಿತು.

"ಸಾಹೇಬ್ರೇ, ನಾನು. ಬೇಕರಿ."

"ಈಗ ಆಗಲ್ಲಪ್ಪ, ಹೋಗು" ಎಂದೆ.

"ಗೊತ್ತು ಸಾಹೇಬ್ರೇ, ಗೊತ್ತು. ನೀವು ಹೊರಗೆ ಬರೋ ಹಾಗಿಲ್ಲ, ಬಾಯಿ ಬಿಡೋ ಹಾಗಿಲ್ಲ. ನಮಗೋಸ್ಕರ ಕೆಲಸಕ್ಕೇ ಕುತ್ತು ತಂದ್ಕೊಂಡು ಅಷ್ಟು ಬರೆದ್ರಲ್ಲ, ದೊಡ್ಡ ಮನಸ್ಸು. ನಾನು ಮೇನ್ ಪೈಪಿಗೆ ಒಂದು ಸಣ್ಣ ಮೋಟರ್ ಇಟ್ಕೊಂಡಿದ್ದೀನಿ. ಹಿಟ್ಟು ಕಲಸೋಕೆ ನೀರು ಸಾಲಲ್ಲ ಸಾಹೇಬ್ರೇ, ಹೊಟ್ಟೆಪಾಡು. ಈಗ ತೆಗೀಲಾ, ಬಿಡ್ಲಾ? ಮಾತಾಡಬೇಡಿ. ತೆಗೀಬೇಕು ಅಂದ್ರೆ ಒಂದು ಸಲ ಕೆಮ್ಮಿ."

ನಾನು ಕೆಮ್ಮಬಾರದೆಂದು ಉಸಿರು ಬಿಗಿಹಿಡಿದೆ. ಆದರೆ ಆ ಬಣ್ಣದ ಘಾಟು ಎಂಥದೆಂದು ಹಚ್ಚಿಕೊಂಡವರಿಗೇ ಗೊತ್ತು. ಮೂರು ಸಲ ಕೆಮ್ಮಿದೆ.

"ಮೂರು ಸಲ!" ಬೇಕರಿಯವನು ತಲೆಯ ಮೇಲೆ ಕೈ ಹೊತ್ತ ಸದ್ದು ಬಾಗಿಲಿನಾಚೆಯಿಂದಲೇ ಕೇಳಿಸಿತು. "ಪೈಪೂ ಕೀಳ್ಬೇಕಾ! ಆಯ್ತು ಸಾಹೇಬ್ರೇ, ಆಯ್ತು. ನಾನೇ ಒಪ್ಪಿಸಿಬಿಡ್ತೀನಿ." ಅವನು ಓಡಿದ.

ಅವನ ಹಿಂದೆಯೇ ಕೂಗಿ ನಿಜ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಗವಾಕ್ಷಿಯ ಕೆಳಗಿನಿಂದ ಟೀಚರ್ ಅವರ ದನಿ ಬಂತು.

"ಸಾರ್, ನನ್ನ ಮೀಟರು ನಿಂತು ಮೂರು ವರ್ಷ ಆಯ್ತು. ನಾನು ಬಂದು ತಿಳಿಸಬೇಕಿತ್ತು. ತಿಳಿಸಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಅಂತ ಪಾಠ ಮಾಡಿದವಳು ನಾನು. ನನ್ನನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗ್ತಾರಾ?"

"ಇಲ್ಲ ಟೀಚರ್, ಹಾಗೇನಿಲ್ಲ, ನಾನು ಬರೆದದ್ದು..."

"ನಿಮ್ಮದೂ ನಿಂತಿದೆಯಾ ಟೀಚರ್?" ಪಕ್ಕದ ಗವಾಕ್ಷಿಯಿಂದ ಇನ್ನೊಂದು ದನಿ. "ನಮ್ಮದು ಹಿಂದಕ್ಕೆ ತಿರುಗುತ್ತೆ."

ಅಲ್ಲಿಂದ ಮುಂದೆ ನನಗೆ ಮಾತಾಡುವ ಅವಕಾಶವೇ ಸಿಗಲಿಲ್ಲ. ಗಾಳಿಗುಂಡಿಯ ತುಂಬ ತಪ್ಪೊಪ್ಪಿಗೆ. ಒಬ್ಬರು ಅಳುತ್ತಿದ್ದರು, ಇಬ್ಬರು ಪರಸ್ಪರ ಬೈದಾಡುತ್ತಿದ್ದರು, ಯಾರೋ ನೀರಿನ ವಿಷಯ ದಾಟಿ ಎಂದೋ ಗುದ್ದಿದ ಕಾರಿನ ವಿಷಯವನ್ನೂ ಒಪ್ಪಿಕೊಂಡರು. ನಾನು ಬಲಗಡೆ ಬಣ್ಣ, ಎಡಗಡೆ ಬಯಲು ಹೊತ್ತು ಮಣೆಯ ಮೇಲೆ ಕೂತಿದ್ದೆ. ಇಪ್ಪತ್ತಾರು ವರ್ಷ ಏನೂ ಗೊತ್ತಿಲ್ಲದೆ ಎಲ್ಲ ಗೊತ್ತಿರುವವನಂತೆ ನಕ್ಕಿದ್ದೆ. ಕಾಲು ಗಂಟೆಯಲ್ಲಿ ಎಲ್ಲವೂ ಗೊತ್ತಾಯಿತು, ನಗು ಮಾತ್ರ ಬರಲಿಲ್ಲ.

ಹೆಂಡತಿ ಟೆರೇಸಿನಿಂದ ಏದುಸಿರು ಬಿಡುತ್ತ ಬಂದಳು.

"ರೀ, ಏನ್ರೀ ಮಾಡಿದ್ರಿ? ಮೇಲೆ ಆಡಿಟರ್ ಪೈಪು ಕುಯ್ತಿದ್ದಾರೆ! ಕದ್ದು ಎಳೆದ ಲೈನಂತೆ, ಹೂಕುಂಡಕ್ಕೆ. ಯಾವುದು ಕದ್ದದ್ದು ಯಾವುದು ಕಟ್ಟಡದ್ದು ಅಂತ ಅವರಿಗೇ ಗೊತ್ತಾಗ್ತಿಲ್ಲ, ಎಲ್ಲಾ ಕುಯ್ತಿದ್ದಾರೆ!"

ನಾನು ತಕ್ಷಣ ನಲ್ಲಿ ತಿರುಗಿಸಿದೆ. ನಲ್ಲಿ ಒಂದು ಸಲ ಗೊರಕೆ ಹೊಡೆದು ಸುಮ್ಮನಾಯಿತು. ಬಕೆಟ್ಟಿನಲ್ಲಿದ್ದದ್ದು ನಾಲ್ಕೇ ಚೊಂಬು. ಎಡಗಡೆಗೆ ಹಚ್ಚುವ ಆಸೆ ಬಿಟ್ಟು, ಬಲಗಡೆಯ ಬಣ್ಣವನ್ನು ಆ ನಾಲ್ಕು ಚೊಂಬಿನಲ್ಲಿ ತೊಳೆದುಕೊಂಡು ಕನ್ನಡಿ ನೋಡಿದೆ. ಬಲಗಡೆ ಕಡುಗಪ್ಪು. ಎಡಗಡೆ ಬುಡದಲ್ಲಿ ಬಿಳಿ, ತುದಿಯಲ್ಲಿ ಹಳೆಯ ಬಣ್ಣ ಮಾಸಿದ ತಾಮ್ರ. ಗೆರೆ ಎಳೆದು ಭಾಗ ಮಾಡಿಕೊಂಡ ಆಸ್ತಿಯ ಹಾಗಿತ್ತು ತಲೆ.

ಹೆಂಡತಿ ಬಾಗಿಲ ಸಂದಿಯಲ್ಲಿ ನೋಡಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಳುತ್ತಿದ್ದಾಳೆಂದೇ ನಾನು ಭಾವಿಸಿದೆ. ಕೊನೆಗೆ ಹೇಗೋ ಸಾವರಿಸಿಕೊಂಡು, ಕಿವಿ ಮುಚ್ಚುವ ಉಣ್ಣೆ ಟೋಪಿಯೊಂದನ್ನು ಹುಡುಕಿ ತಂದು ತಾನೇ ಹಾಕಿದಳು.

"ಜ್ವರಾನಾ ಅಳಿಯಂದ್ರೇ?" ಅತ್ತೆ ಕೇಳಿದರು.

"ಹೂಂ ಅಮ್ಮಾ. ತಲೆಗೇರಿದೆ" ಎಂದಳು ನನ್ನ ಹೆಂಡತಿ.

ಮೆಟ್ಟಿಲಿಳಿಯುವಾಗ ಜನ ಗೋಡೆಗೆ ಒತ್ತಿ ದಾರಿ ಬಿಟ್ಟರು. ನಡುಬೇಸಗೆಯಲ್ಲಿ ಉಣ್ಣೆ ಟೋಪಿ ಹಾಕಿದ್ದು ಗುರುತು ಮರೆಸಿಕೊಳ್ಳಲಿಕ್ಕೆಂದು ಅವರೇ ಅರ್ಥ ಮಾಡಿಕೊಂಡಿದ್ದರು. ಟೀಚರ್ ಒಂದು ಸಣ್ಣ ಚೀಲದಲ್ಲಿ ಬದಲಿ ಬಟ್ಟೆ, ಮಾತ್ರೆ, ಕನ್ನಡಕದ ಪೆಟ್ಟಿಗೆ ತುಂಬಿಕೊಂಡು ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿದ್ದರು. "ಬಂದ್ರೆ ಹೊರಟುಬಿಡೋಣ ಅಂತ ಸಾರ್" ಎಂದರು. ನನಗೆ ನಿಜಕ್ಕೂ ಸಂಕಟವಾಯಿತು. ಸಂಜೆ ಬಂದು ಎಲ್ಲ ಹೇಳಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಕೊಟ್ಟೆ. ಆ ಹೊತ್ತಿಗೆ ತಲೆ ಸರಿಯಾಗಿರುತ್ತದೆಂಬ ಭರವಸೆಯೂ ಇತ್ತೆನ್ನಿ.

ಕಚೇರಿಯಲ್ಲಿ ಅರಗು ಕರಗಿಸಲು ಕೂತೆ. ಎರಡು ತೊಟ್ಟಿನ ಜಾಗದಲ್ಲಿ ಐದು ಬಿದ್ದವು. ಹನ್ನೊಂದು ಗಂಟೆಗೆ ಜವಾನ ಬಂದ. "ಮೇಡಂ ಕರೀತಿದ್ದಾರೆ. ಟೋಪಿ ಯಾಕೆ?" ಎಂದ.

"ಶೀತ" ಎಂದೆ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

ನಮ್ಮ ಮೇಡಂ ಬಂದು ನಾಲ್ಕು ತಿಂಗಳಾಗಿದೆ. ಅವರು ನಕ್ಕದ್ದನ್ನು ಕಂಡವರಿಲ್ಲ. ಅವರ ಕೋಣೆಯಲ್ಲಿ ಬೇಕರಿಯವನು ಕೈಕಟ್ಟಿ ನಿಂತಿದ್ದ. ಮೇಜಿನ ಮೇಲೆ ಗೋಣಿಚೀಲ, ಚೀಲದ ಮೇಲೆ ಮೋಟರು, ಮೋಟರಿನಿಂದ ಕಡತಗಳ ಮೇಲೆ ಸೋರುತ್ತಿದ್ದ ನೀರು.

"ಇವರು ತಾವಾಗಿಯೇ ಬಂದು ಮೋಟರು ಒಪ್ಪಿಸ್ತಿದ್ದಾರೆ" ಎಂದರು ಮೇಡಂ. "ನಮ್ಮ ವಿಭಾಗದ ಚರಿತ್ರೆಯಲ್ಲೇ ಇದು ಮೊದಲು. ಯಾಕಪ್ಪಾ ಅಂದ್ರೆ, ಸಾಹೇಬ್ರು ಮೊದಲೇ ಎಚ್ಚರಿಸಿದ್ರು ಅಂತಾರೆ. ಯಾವ ಸಾಹೇಬ್ರು ಅಂತ ಕೇಳಿದೆ. ನಿಮ್ಮ ಮನೆ ನಂಬರು ಹೇಳಿದ್ರು."

"ದೇವರಂಥ ಮನುಷ್ಯ ಮೇಡಂ" ಎಂದು ಬೇಕರಿಯವನು ನನ್ನ ಗೋರಿಗೆ ಇನ್ನೊಂದು ಬುಟ್ಟಿ ಮಣ್ಣು ಹಾಕಿದ. ಮೇಡಂ ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಮೇಜಿನ ಖಾನೆಯಿಂದ ಒಂದು ಲಕೋಟೆ ತೆಗೆದರು. ಮೇಲೆ ನನ್ನದೇ ಅರಗು.

"ಇದರೊಳಗೆ ನಿಮ್ಮ ಬೀದಿಯ ತಪಾಸಣೆ ಆದೇಶ ಇದೆ. ಗುರುವಾರಕ್ಕೆ. ನನ್ನೊಬ್ಬಳಿಗೇ ಗೊತ್ತಿರೋದು. ಸೀಲು ಒಡೆದಿಲ್ಲ. ಆದ್ರೂ ಬೆಳಗ್ಗೆ ಏಳು ಗಂಟೆಗೆ ನಿಮ್ಮ ಇಡೀ ಕಟ್ಟಡಕ್ಕೆ ಗೊತ್ತಾಗಿದೆ. ಹೇಗೆ?"

ಗುರುವಾರ ನಮ್ಮ ಬೀದಿಗೆ ನಿಜವಾಗಿಯೂ ತಪಾಸಣೆ ಇತ್ತೆಂಬುದು ನನಗೆ ತಿಳಿದದ್ದೇ ಆಗ.

"ಗೊತ್ತಿಲ್ಲ ಮೇಡಂ. ನನಗೇನೂ ಗೊತ್ತಿಲ್ಲ."

"ಮೆಸೇಜು ಹಾಕಿ ತಕ್ಷಣ ಅಳಿಸಿದ್ದೀರಂತೆ. ಯಾರು ಬಂದ್ರೂ ಬಾಗಿಲು ತೆಗೀಬೇಡ, ಅರ್ಧ ಗಂಟೆ ಇದೆ ಅಂತ. ಉಳಿದದ್ದು ಏನಿತ್ತು?"

ಬಾಯಿ ಬಿಟ್ಟರೆ ಮೂವತ್ತು ವರ್ಷದ ಕಪ್ಪು ಕೂದಲು ಹೋಗುತ್ತದೆ. ಬಿಡದಿದ್ದರೆ ಕೆಲಸ, ಅದರ ಹಿಂದೆ ಪಿಂಚಣಿ.

"ರೀ, ಇದು ಅಮಾನತ್ತಿನ ವಿಷಯ" ಎಂದರು ಮೇಡಂ. "ಕಾಗದ ಸಿದ್ಧವಾಗಿದೆ. ಸಹಿ ಒಂದು ಬಾಕಿ."

"ಬಣ್ಣ ಮೇಡಂ" ಎಂದೆ.

"ಏನು?"

"ತಲೆಗೆ. ಬಣ್ಣ. ಒಂದು ಪ್ಯಾಕೆಟ್ ಸಾಲಲಿಲ್ಲ. ಇನ್ನೊಂದು ಕೊಡು ಅಂತ ಹೆಂಡತಿಗೆ ಬರೆದದ್ದು."

ಮೇಡಂ ಪೆನ್ನು ಕೈಗೆತ್ತಿಕೊಂಡರು. "ಸುಳ್ಳು ಹೇಳೋದಕ್ಕೂ ಒಂದು ಮಿತಿ ಇರ್ಬೇಕು. ನಿಮ್ಮ ಕೂದಲು ಹುಟ್ಟಿನಿಂದ ಕಪ್ಪು ಅಂತ ನಾನು ಇಲ್ಲಿಗೆ ಬಂದ ಮೊದಲ ದಿನವೇ ಎಲ್ಲರೂ ಹೇಳಿದ್ರು. ವಂಶದಲ್ಲೇ ಹಾಗಂತೆ."

ಮೂವತ್ತು ವರ್ಷ ಅಷ್ಟು ಜತನದಿಂದ ಕಟ್ಟಿದ ಸುಳ್ಳು ಈಗ ನನ್ನ ಕುತ್ತಿಗೆಗೇ ಬಂದಿತ್ತು. ಪೆನ್ನಿನ ತುದಿ ಕಾಗದ ಮುಟ್ಟುವುದರಲ್ಲಿತ್ತು. ಕಣ್ಣು ಮುಚ್ಚಿಕೊಂಡು ಟೋಪಿ ತೆಗೆದೆ.

ಮೋಟರಿನಿಂದ ನೀರು ತೊಟ್ಟಿಕ್ಕುವುದಷ್ಟೇ ಕೇಳುತ್ತಿತ್ತು. ಕಣ್ಣು ಬಿಟ್ಟಾಗ ಮೇಡಂ ಎದ್ದು ಬಂದು ನನ್ನ ಸುತ್ತ ಒಂದು ಸುತ್ತು ಹಾಕುತ್ತಿದ್ದರು. ತಪಾಸಣೆಯಲ್ಲಿ ಅವರು ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ. ಎಡಗಡೆ ಬಗ್ಗಿ ನೋಡಿದರು. ಬಲಗಡೆ ನೋಡಿದರು.

"ಬಲಗಡೆ ಚೆನ್ನಾಗಿ ಹಿಡಿದಿದೆ" ಎಂದರು ಗಂಭೀರವಾಗಿ. ಹೋಗಿ ಕೂತು ಅಮಾನತ್ತಿನ ಕಾಗದವನ್ನು ನಾಲ್ಕು ತುಂಡು ಮಾಡಿದರು. ನನ್ನ ಕಣ್ಣಲ್ಲಿ ನೀರು ಬಂತು. ಅಂಥ ನೆಮ್ಮದಿಯನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಮೇಡಂ ನ್ಯಾಯವಂತರು, ಅದೇ ತೊಂದರೆ.

"ಬೇಕರಿಯವರು ಹೊರಗೆಲ್ಲ ಹೇಳ್ಕೊಂಡು ಬಂದಿದ್ದಾರೆ. ಊಟದ ಹೊತ್ತಿಗೆ ಆರೂ ಶಾಖೆಗಳಲ್ಲಿ ನೀವು ಗುಟ್ಟು ಮಾರಿದವರು ಅಂತ ಆಗಿರುತ್ತೆ. ನಿಮ್ಮ ಹೆಸರಿಗೆ ಮಸಿ ಬಳಿಯೋಕೆ ನಾನು ಬಿಡಲ್ಲ" ಎನ್ನುತ್ತ ಫೋನು ತೆಗೆದು ಬರೆಯತೊಡಗಿದರು. ನಾನು ಟೋಪಿ ಹಿಡಿದು ಕೃತಜ್ಞತೆಯಿಂದ ನಿಂತಿದ್ದೆ. ಬರೆದು ಮುಗಿಸಿ, ಒತ್ತಿ, ನನಗೆ ಓದಿ ಹೇಳಿದರು.

"ತಪಾಸಣಾ ವಿಭಾಗದಲ್ಲಿ ಗುಟ್ಟು ಬಯಲಾದ ಪ್ರಕರಣ ಕುರಿತು. ಸದರಿ ಗುಮಾಸ್ತರ ಮೆಸೇಜು ಅವರ ತಲೆಗೂದಲಿಗೆ ಬಣ್ಣ ಹಚ್ಚುವ ಕೆಲಸಕ್ಕೆ ಮಾತ್ರ ಸಂಬಂಧಿಸಿದ್ದು, ಅರ್ಧ ತಲೆ ಬಿಳಿಯಾಗಿಯೇ ಉಳಿದಿರುವುದನ್ನು ನಾನು ಖುದ್ದು ಪರಿಶೀಲಿಸಿ ಖಚಿತಪಡಿಸಿಕೊಂಡಿದ್ದೇನೆ."

"ಯಾರಿಗೆ ಕಳಿಸಿದ್ರಿ ಮೇಡಂ?"

"ಇಲಾಖೆ ಗ್ರೂಪಿಗೆ. ಇನ್ನೂರ ಹತ್ತು ಜನ ಇದ್ದಾರೆ."

ಕೆಲಸ ಹೋಗುವುದೇ ವಾಸಿಯಿತ್ತು ಎನ್ನಿಸಿತು. "ತೆಗೀರಿ ಮೇಡಂ! ನಿಮ್ಮ ದಮ್ಮಯ್ಯ ಅಂತೀನಿ, ತೆಗೀರಿ! ನಮ್ಮತ್ತೆಗೂ ಗೊತ್ತಿಲ್ಲ ಮೇಡಂ! ಒತ್ತಿ ಹಿಡೀರಿ, ಎಲ್ಲರಿಗೂ ಅಳಿಸು ಅನ್ನೋದು, ಎರಡನೇದು, ಅಲ್ಲ ಅಲ್ಲ, ಮೊದಲನೇದು!" ನಾನು ಮೇಜಿನ ಮೇಲೆ ಅರ್ಧ ಹತ್ತಿದ್ದೆ.

ಮೇಡಂ ಬೆಚ್ಚಿಬಿದ್ದು ಒತ್ತಿದರು. "ಹೋಯ್ತು. ಯಾರೂ ನೋಡಿಲ್ಲ ರೀ, ಸಮಾಧಾನ ಮಾಡ್ಕೊಳ್ಳಿ."

ನಾನು ಉಸಿರು ಬಿಟ್ಟೆ. ಬಿಟ್ಟ ಉಸಿರು ಅರ್ಧಕ್ಕೇ ನಿಂತಿತು. ಅವರ ಕೈಯಲ್ಲಿದ್ದ ಫೋನಿನಲ್ಲಿ, ಸಂದೇಶವನ್ನು ಅಳಿಸಲಾಗಿದೆ ಎಂಬ ಆ ಸಾಲು ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ಮೇಲೆ ಮೇಡಂ ಹೆಸರು.

ಹೊರಗಿನ ಹಜಾರದಲ್ಲಿ ಟೈಪಿನ ಸದ್ದು ನಿಂತಿತು. ಕುರ್ಚಿಗಳು ಹಿಂದೆ ಸರಿದವು. ಯಾರೋ ಬೀರುವಿಗೆ ಬೀಗ ಹಾಕಿದರು, ಇನ್ಯಾರೋ ಬೀಗ ತೆಗೆದು ಏನನ್ನೋ ಪರಪರ ಹರಿಯತೊಡಗಿದರು. ಉಗ್ರಾಣದವನು ಜವಾನನಿಗೆ, "ಮೊದಲ ಸಾಲು ನಾನೇ ನೋಡ್ದೆ ಕಣೋ, ಗುಟ್ಟು ಬಯಲಾಯ್ತು ಅಂತಿತ್ತು! ಮೇಡಂ ಹಾಕಿ ಅಳಿಸಿದ್ದಾರೆ" ಎನ್ನುವುದು ಬಾಗಿಲಿನಾಚೆಯಿಂದ ಕೇಳಿಸಿತು. ಆಮೇಲೆ ಅವನು ಮೆಟ್ಟಿಲಿಳಿದು ಓಡಿದ ಸದ್ದು.

ಮೇಡಂ ಅವರ ಫೋನು ರಿಂಗಾಯಿತು. ಅವರು ನೋಡಿ ಬಿಳಿಚಿಕೊಂಡರು. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಅವರ ಮುಖದಲ್ಲಿ ನನಗೆ ಪರಿಚಯವಿರುವ ಒಂದು ಭಾವನೆ ಕಾಣಿಸಿತು.

"ಮುಖ್ಯ ಅಧಿಕಾರಿಗಳು" ಎಂದರು ಪಿಸುದನಿಯಲ್ಲಿ. "ಏನು ಅಳಿಸಿದ್ದು ಅಂತ ಕೇಳ್ತಾರೆ. ಏನು ಹೇಳ್ಲಿ ರೀ?"

ಫೋನು ಬಡಿದುಕೊಳ್ಳುತ್ತಲೇ ಇತ್ತು. ನಾನು ಟೋಪಿಯನ್ನು ಎರಡೂ ಕಿವಿ ಮುಚ್ಚುವಂತೆ ಎಳೆದುಕೊಂಡು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೆ.

"ನಾನೇನೂ ಹೇಳೋ ಹಾಗಿಲ್ಲ, ಮೇಡಂ" ಎಂದೆ.